ಹತ್ತು ಮಂದಿ, ಏಳು ಬಂಡೆ: ನದಿ ದಾಟುವ ಆಟ ಆಡಿಸುವ ಬಗೆ

ವಿದ್ಯಾರ್ಥಿಗಳಿಗೆ ಬಯಲಿನಲ್ಲಿ ತಂಡದ ಆಟ ಆಡಿಸಿ ಎಂದಾಗ ಹೆಚ್ಚಿನವರು ಅರ್ಧ ದಿನಕ್ಕೆ ಐದಾರು ಆಟಗಳ ಪಟ್ಟಿ ಮಾಡಿಕೊಂಡು ಒಂದರ ಹಿಂದೆ ಒಂದನ್ನು ಮುಗಿಸುತ್ತಾ ಹೋಗುತ್ತಾರೆ. ಮಕ್ಕಳು ನಗುತ್ತಾರೆ, ಬೆವರುತ್ತಾರೆ, ಫೋಟೊ ಚೆನ್ನಾಗಿ ಬರುತ್ತದೆ. ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವ ವಿಷಯದಲ್ಲಿ ಮಾತ್ರ ಬೆಳಿಗ್ಗೆ ಎಲ್ಲಿದ್ದರೋ ಮಧ್ಯಾಹ್ನವೂ ಅಲ್ಲೇ ಇರುತ್ತಾರೆ. ತೊಂಬತ್ತು ನಿಮಿಷ ಕೈಯಲ್ಲಿದ್ದರೆ ಒಂದೇ ಆಟವನ್ನು ಎರಡು ಸಲ ಆಡಿಸಬೇಕು, ನಡುವೆ ಕೂರಿಸಿ ಮಾತಾಡಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಮೊದಲ ಸಲ ಎಡವುತ್ತಾರೆ, ಎಲ್ಲಿ ಎಡವಿದೆವು ಎಂದು ತಾವೇ ಹೇಳಿಕೊಳ್ಳುತ್ತಾರೆ, ಎರಡನೆಯ ಸಲ ಹೇಳಿದ್ದನ್ನು ಮಾಡಿ ನೋಡುತ್ತಾರೆ. ಆ ಎರಡನೆಯ ಸುತ್ತಿಲ್ಲದಿದ್ದರೆ ನಡುವಿನ ಮಾತೆಲ್ಲ ಬರೀ ಮಾತಾಗಿಯೇ ಉಳಿಯುತ್ತದೆ.

ಇದಕ್ಕೆ ಹೊಂದುವ ಆಟ ನದಿ ದಾಟುವುದು. ಬಹಳ ಕಡೆ ಬೇರೆ ಬೇರೆ ಹೆಸರಿನಲ್ಲಿ ಆಡಿಸುತ್ತಾರೆ. ನೆಲದ ಮೇಲೆ ಎರಡು ಹಗ್ಗ. ಒಂದು ಈ ದಡ, ಇನ್ನೊಂದು ಆ ದಡ. ನಡುವೆ ಇರುವುದು ನೀರು, ಕಾಲಿಡುವಂತಿಲ್ಲ. ತಂಡದ ಕೈಯಲ್ಲಿ ಒಂದಷ್ಟು ಚೌಕಾಕಾರದ ಮ್ಯಾಟ್ ತುಂಡುಗಳಿರುತ್ತವೆ. ಅವೇ ಬಂಡೆಗಳು. ಬಂಡೆಯ ಮೇಲೆ ಮಾತ್ರ ಕಾಲಿಟ್ಟು ಎಲ್ಲರೂ ಆ ದಡ ಸೇರಬೇಕು. ನದಿಗೆ ಇಟ್ಟ ಬಂಡೆಯನ್ನು ಯಾರಾದರೊಬ್ಬರು ಸದಾ ಮುಟ್ಟಿಕೊಂಡೇ ಇರಬೇಕು, ಕೈಯಿಂದಲೋ ಕಾಲಿನಿಂದಲೋ. ಯಾರೂ ಮುಟ್ಟದೆ ಒಂದು ಕ್ಷಣ ಉಳಿದರೂ ನದಿ ಅದನ್ನು ಕೊಚ್ಚಿಕೊಂಡು ಹೋಗುತ್ತದೆ, ಅಂದರೆ ಆಡಿಸುವವರು ಎತ್ತಿಕೊಳ್ಳುತ್ತಾರೆ. ಆಟವೆಂದರೆ ಇಷ್ಟೇ. ಆದರೆ ಅಳತೆ ಸ್ವಲ್ಪ ತಪ್ಪಿದರೂ ಇದು ಐದು ನಿಮಿಷದಲ್ಲಿ ಮುಗಿಯುವ ಮಕ್ಕಳಾಟವಾಗುತ್ತದೆ, ಇಲ್ಲವೇ ಯಾರಿಂದಲೂ ಆಗದ ಶಿಕ್ಷೆಯಾಗುತ್ತದೆ. ಹಾಗಾಗಿ ಅಳತೆಯಿಂದಲೇ ಆರಂಭಿಸುತ್ತೇನೆ.

ಅಳತೆ

ಒಂದು ತಂಡಕ್ಕೆ ಎಂಟರಿಂದ ಹನ್ನೆರಡು ಮಂದಿ. ಹತ್ತು ಸರಿಯಾದ ಸಂಖ್ಯೆ. ಆರಕ್ಕಿಂತ ಕಡಿಮೆಯಾದರೆ ಗೊಂದಲವೇ ಹುಟ್ಟುವುದಿಲ್ಲ, ಗೊಂದಲವಿಲ್ಲದೆ ಈ ಆಟದಲ್ಲಿ ಕಲಿಯಲು ಏನೂ ಉಳಿಯುವುದಿಲ್ಲ. ಹನ್ನೆರಡು ದಾಟಿದರೆ ಮೂವರೋ ನಾಲ್ವರೋ ಹಿಂದೆ ನಿಂತು ಹುಲ್ಲು ಕೀಳುತ್ತಿರುತ್ತಾರೆ. ಇದು ಆ ಮಕ್ಕಳ ಸೋಮಾರಿತನವಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ 1913ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಜನ ಸೇರಿದಷ್ಟೂ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತಾ ಹೋಗಿತ್ತು. ಎಂಟು ಮಂದಿ ಸೇರಿದಾಗ ಒಬ್ಬೊಬ್ಬರ ಪಾಲು ಒಂಟಿಯಾಗಿದ್ದಾಗಿನ ಅರ್ಧದಷ್ಟಕ್ಕೆ ಇಳಿದಿತ್ತು. ಒಂದು ಕಾರಣ ಎಲ್ಲರ ಬಲವೂ ಒಂದೇ ಕ್ಷಣಕ್ಕೆ ಕೂಡದಿರುವುದು. ಇನ್ನೊಂದು, ನಾನಿಲ್ಲದಿದ್ದರೂ ನಡೆಯುತ್ತದೆ ಎಂಬ ಭಾವ. ನದಿ ಆಟದಲ್ಲಿ ಬಂಡೆ ಕಡಿಮೆ ಇರುವುದು ಈ ಎರಡನೆಯ ಕಾರಣವನ್ನು ಒಡೆಯುವುದಕ್ಕೇ. ಕೊನೆಯಲ್ಲಿ ನಿಂತ ಹುಡುಗಿ ತನ್ನ ಕಾಲ ಕೆಳಗಿನ ಬಂಡೆಯನ್ನು ಎತ್ತಿ ಮುಂದೆ ಕೊಡದಿದ್ದರೆ ಮುಂದೆ ನಿಂತವನು ಒಂದು ಹೆಜ್ಜೆಯೂ ಇಡಲಾರ.

ಬಂಡೆಗಳ ಸಂಖ್ಯೆ ತಂಡದ ಮೂರನೇ ಎರಡು ಭಾಗದ ಆಸುಪಾಸು ಇರಲಿ. ಹತ್ತು ಮಂದಿಗೆ ಏಳು. ಒಂದು ಬಂಡೆ ಸದಾ ಹಿಂದಿನಿಂದ ಮುಂದಕ್ಕೆ ಸಾಗುತ್ತಿರುವುದರಿಂದ ನಿಲ್ಲಲು ಸಿಗುವುದು ಆರು. ಅಂದರೆ ನಾಲ್ಕು ಬಂಡೆಗಳ ಮೇಲೆ ಇಬ್ಬಿಬ್ಬರು ಒತ್ತಾಗಿ ನಿಲ್ಲಬೇಕು. ಹದಿಮೂರು ವರ್ಷದೊಳಗಿನವರಿಗೆ 30 ಸೆಂಟಿಮೀಟರ್ ಚೌಕ ಸಾಕು. ಕಾಲೇಜು ವಿದ್ಯಾರ್ಥಿಗಳಿಗೆ 40 ಮಾಡಿ. ಅದಕ್ಕಿಂತ ಚಿಕ್ಕದಾದರೆ ಇಬ್ಬರು ನಿಲ್ಲಲು ಒಬ್ಬರನ್ನೊಬ್ಬರು ತಬ್ಬಿಕೊಳ್ಳಲೇಬೇಕಾಗುತ್ತದೆ. ಹದಿಹರೆಯದವರ ಮಿಶ್ರ ತಂಡದಲ್ಲಿ ಅದರಿಂದ ಹುಟ್ಟುವ ಮುಜುಗರ ಇಡೀ ಆಟವನ್ನೇ ನುಂಗಿಬಿಡುತ್ತದೆ.

ಇನ್ನು ನದಿಯ ಅಗಲ. ಬಂಡೆಯಿಂದ ಬಂಡೆಗೆ ಮಕ್ಕಳು ಆರಾಮಾಗಿ ಇಡುವ ಹೆಜ್ಜೆ 60 ಸೆಂಟಿಮೀಟರ್, ಕಾಲು ಚಾಚಿದರೆ 80. ಏಳು ಬಂಡೆಗಳನ್ನು ಸಾಲಾಗಿ ಇಟ್ಟರೆ ಎಂಟು ಹೆಜ್ಜೆ, ಎಂದರೆ ಹೆಚ್ಚೆಂದರೆ 6.4 ಮೀಟರ್. ನದಿ ಇದಕ್ಕಿಂತ ಕಿರಿದಾಗಿದ್ದರೆ ಈ ದಡದಿಂದ ಆ ದಡದವರೆಗೆ ಬಂಡೆ ಜೋಡಿಸಿಕೊಂಡು ನಡೆದುಬಿಡುತ್ತಾರೆ. ಹಿಂದಿನ ಬಂಡೆ ಮುಂದೆ ಬರುವ ಪ್ರಸಂಗವೇ ಇರುವುದಿಲ್ಲ. ಆದ್ದರಿಂದ ಲೆಕ್ಕ ಹೀಗೆ: ಬಂಡೆಗಳ ಸಂಖ್ಯೆಗೆ ಒಂದು ಕೂಡಿಸಿ, 0.8ರಿಂದ ಗುಣಿಸಿ, ಮೇಲೆ ಎರಡು ಮೀಟರ್ ಸೇರಿಸಿ. ಏಳು ಬಂಡೆಗೆ ಸುಮಾರು ಎಂಟೂವರೆ ಬರುತ್ತದೆ. ಒಂಬತ್ತು ಮೀಟರ್ ಇಡಿ. ಹನ್ನೆರಡು ಮೀಟರ್ ದಾಟಿಸಬೇಡಿ. ಕಷ್ಟ ಅದರಿಂದ ಹೆಚ್ಚುವುದಿಲ್ಲ, ಬೇಸರ ಹೆಚ್ಚುತ್ತದೆ.

ಬಂಡೆ ಯಾವುದರದ್ದು ಎಂಬುದು ಸಣ್ಣ ವಿಷಯವಲ್ಲ. ಹಿಂಬದಿಗೆ ರಬ್ಬರ್ ಇರುವ ಕಾರ್ಪೆಟ್ ತುಂಡು ಅಥವಾ ದಪ್ಪ ರಬ್ಬರ್ ಮ್ಯಾಟ್ ಅತ್ಯುತ್ತಮ. ರಟ್ಟು ಒಣ ಹುಲ್ಲಿನ ಮೇಲೆ ನಡೆಯುತ್ತದೆ, ಸಿಮೆಂಟ್ ನೆಲದ ಮೇಲೆ ಜಾರುತ್ತದೆ, ಒದ್ದೆಯಾದರೆ ಹರಿಯುತ್ತದೆ. ಮರದ ಹಲಗೆ ಬೇಡವೇ ಬೇಡ. ಅಂಚಿನ ಮೇಲೆ ಭಾರ ಬಿದ್ದಾಗ ಅದು ಮಗುಚುತ್ತದೆ, ಪಾದದ ಕೀಲು ಉಳುಕುವುದು ಹಾಗೆಯೇ. ಬಂಡೆಗಳ ಬೆನ್ನಿಗೆ 1ರಿಂದ 7ರವರೆಗೆ ಅಂಕೆ ಬರೆದಿಟ್ಟರೆ ಆಮೇಲೆ ಮಾತಾಡುವಾಗ 'ಮೂರನೆಯ ಬಂಡೆ ಹೋದದ್ದು' ಎಂದು ಖಚಿತವಾಗಿ ಹೇಳಬಹುದು. ಇವಲ್ಲದೆ ತಂಡಕ್ಕೆ ಆರೇಳು ಮೀಟರಿನ ಎರಡು ಹಗ್ಗ, ಒಂದು ಸೀಟಿ, ಗಡಿಯಾರ, ಬರೆದುಕೊಳ್ಳಲು ಪುಸ್ತಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕುಡಿಯುವ ನೀರು. ಇನ್ನೇನೂ ಬೇಡ.

ಮಕ್ಕಳು ಬರುವ ಮೊದಲು ನದಿಯಾಗುವ ಜಾಗವನ್ನು ನೀವೇ ಎರಡು ಸಲ, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ, ನೆಲ ನೋಡಿಕೊಂಡು ನಡೆಯಿರಿ. ಹುಡುಕಬೇಕಾದದ್ದು ಗಾಜಿನ ಚೂರು, ಚೂಪು ಕಲ್ಲು, ಹುಲ್ಲಿನಡಿ ಮುಚ್ಚಿಕೊಂಡ ಗುಂಡಿ, ಇರುವೆಗೂಡು. ಇಬ್ಬನಿ ಆರಿರಬೇಕು. ಕತ್ತಿನಲ್ಲಿ ನೇತಾಡುವ ಗುರುತಿನ ಚೀಟಿ, ಉಂಗುರ, ಕೈಗಡಿಯಾರಗಳನ್ನು ತೆಗೆಸಿ. ಶೂ ಹಾಕಿದರೆ ಎಲ್ಲರೂ ಹಾಕಲಿ, ಬರಿಗಾಲಾದರೆ ಎಲ್ಲರೂ ಬರಿಗಾಲು. ಒಂದೇ ಬಂಡೆಯ ಮೇಲೆ ಶೂ ಹಾಕಿದವರೂ ಬರಿಗಾಲಿನವರೂ ನಿಂತಾಗಲೇ ಬೆರಳು ಜಜ್ಜುವುದು. ಉಬ್ಬಸ, ಇತ್ತೀಚಿನ ಮೂಳೆ ಮುರಿತ, ಜೇನುನೊಣ ಕಚ್ಚಿದರೆ ಅಲರ್ಜಿ ಇವನ್ನು ಮುಂಚೆಯೇ, ಎಲ್ಲರೆದುರು ಅಲ್ಲ, ಬರಹದಲ್ಲಿ ಕೇಳಿ ತಿಳಿದಿರಬೇಕು. ಇನ್‌ಹೇಲರ್ ಬೇಕಾದವರದ್ದು ದೂರದ ಚೀಲದಲ್ಲಿರದೆ ದಡದಲ್ಲೇ ಇರಲಿ. ಮೋಡ ಕವಿದ ದಿನ ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ. ಮೂವತ್ತು ಅಥವಾ ಕಡಿಮೆ ಇದ್ದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಆಟ ಅಲ್ಲಿಗೇ ನಿಲ್ಲಿಸಿ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬಾರದು.

ತಂಡ ಮಾಡುವುದು, ನಿಯಮ ಹೇಳುವುದು

ನಲವತ್ತು ಮಂದಿ ಇದ್ದರೆ ನಾಲ್ಕು ತಂಡ, ನಾಲ್ಕು ನದಿ, ಪ್ರತಿ ನದಿಗೂ ಆಡಿಸುವವರೊಬ್ಬರು. ನದಿಗಳ ನಡುವೆ ಕನಿಷ್ಠ ಐದು ಮೀಟರ್ ಅಂತರವಿಲ್ಲದಿದ್ದರೆ ಪಕ್ಕದವರ ಕೂಗು ಇವರಿಗೆ ಕೇಳಿ ಎಲ್ಲ ಕಲಸಿಹೋಗುತ್ತದೆ. 'ನೀವೇ ತಂಡ ಮಾಡಿಕೊಳ್ಳಿ' ಎಂದರೆ ಗೆಳೆಯರು ಗೆಳೆಯರ ಹತ್ತಿರ ಸೇರಿ, ಯಾರಿಗೂ ಬೇಡವಾದ ಇಬ್ಬರು ನಡುವೆ ಉಳಿದುಬಿಡುತ್ತಾರೆ. ಅದನ್ನು ಎಂದೂ ಮಾಡಬೇಡಿ. ಬದಲಿಗೆ, ಹುಟ್ಟಿದ ತಿಂಗಳು ಮತ್ತು ದಿನದ ಕ್ರಮದಲ್ಲಿ ಎಲ್ಲರೂ ಮಾತಿಲ್ಲದೆ, ಕೈಸನ್ನೆಯಿಂದಲೇ ಒಂದು ಸಾಲಿನಲ್ಲಿ ನಿಲ್ಲಲಿ. ಇದೇ ಮೈಮನಸ್ಸು ಬಿಚ್ಚುವ ಮೊದಲ ಆಟವೂ ಆಗುತ್ತದೆ, ಹತ್ತು ನಿಮಿಷ ಸಾಕು. ಸಾಲು ಪೂರ್ತಿಯಾದ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾ ಹೋಗಿ. ಒಂದು ಬಂದವರೆಲ್ಲ ಒಂದು ತಂಡ. ಎಣಿಸುವ ವಿಷಯವನ್ನು ಮೊದಲೇ ಹೇಳಿದರೆ ಗೆಳೆಯರು ಲೆಕ್ಕ ಹಾಕಿ ಜಾಗ ಬದಲಿಸಿಕೊಳ್ಳುತ್ತಾರೆ.

ನಿಯಮ ಹೇಳುವಾಗ ಸೂರ್ಯ ನಿಮ್ಮ ಕಣ್ಣಿಗೆ ಬೀಳಲಿ, ಮಕ್ಕಳ ಬೆನ್ನಿಗಿರಲಿ. ಬಂಡೆಗಳನ್ನು ಆಗಲೇ ಕೈಗೆ ಕೊಡಬೇಡಿ, ಕೈಗೆ ಬಂದ ಕ್ಷಣದಿಂದ ಯಾರ ಕಿವಿಯೂ ನಿಮ್ಮ ಕಡೆ ಇರುವುದಿಲ್ಲ. ಮೊದಲು ಗುರಿ, ಆಮೇಲೆ ಏನು ಮಾಡಬಾರದು, ಕೊನೆಗೆ ತಪ್ಪಿದರೆ ಏನಾಗುತ್ತದೆ, ಈ ಕ್ರಮದಲ್ಲಿ ಎರಡು ನಿಮಿಷದೊಳಗೆ ಮುಗಿಸಿ. ಮಾತು ಹೀಗಿರಬಹುದು:

'ಈ ಹಗ್ಗದಿಂದ ಆ ಹಗ್ಗದವರೆಗೆ ನದಿ. ನೀವು ಹತ್ತೂ ಮಂದಿ ಆ ದಡಕ್ಕೆ ಹೋಗಬೇಕು. ನೀರಿಗೆ ಮೈಯ ಯಾವ ಭಾಗವೂ ತಾಗಬಾರದು. ನಿಮಗೆ ಏಳು ಬಂಡೆ ಕೊಡುತ್ತೇನೆ. ನದಿಗೆ ಇಟ್ಟ ಬಂಡೆಯನ್ನು ಯಾರಾದರೂ ಮುಟ್ಟಿಕೊಂಡಿರಬೇಕು, ಯಾರೂ ಮುಟ್ಟದಿದ್ದರೆ ಅದು ನದಿಯ ಪಾಲು. ಎತ್ತಿ ಇಟ್ಟರೆ ಮಾತ್ರ ಬಂಡೆ ಮುಂದೆ ಹೋಗುತ್ತದೆ, ಅದರ ಮೇಲೆ ನಿಂತು ಜಾರುವಂತಿಲ್ಲ. ಜಿಗಿಯುವಂತಿಲ್ಲ. ಯಾರನ್ನೂ ಹೊತ್ತುಕೊಳ್ಳುವಂತಿಲ್ಲ. ನಾನು "ನಿಲ್ಲಿ" ಎಂದ ಕೂಡಲೇ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಮೊದಲ ಐದು ನಿಮಿಷ ಬರೀ ಯೋಚನೆಗೆ, ಆಮೇಲೆ ಇಪ್ಪತ್ತೈದು ನಿಮಿಷ ದಾಟುವುದಕ್ಕೆ.'

ಜಾರುವಂತಿಲ್ಲ ಎಂಬುದನ್ನು ಬಿಟ್ಟರೆ ನಯವಾದ ನೆಲದ ಮೇಲೆ ಎರಡು ಮ್ಯಾಟಿನ ಮೇಲೆ ಕಾಲಿಟ್ಟು ತೆವಳಿಕೊಂಡು ಹೋಗುವವನೊಬ್ಬ ಖಂಡಿತ ಇರುತ್ತಾನೆ. ಜಿಗಿತವನ್ನು ತಡೆಯುವುದು ಮ್ಯಾಟ್ ಸರಿದು ಬೀಳುವ ಅಪಾಯಕ್ಕಾಗಿ. ಹೊತ್ತುಕೊಳ್ಳುವುದು ಬೇಡ ಎಂಬುದು ಬೆನ್ನಿಗಾಗಿ, ಜೊತೆಗೆ 'ಇವಳು ಹಗುರ, ಅವನು ಭಾರ' ಎಂಬ ಮಾತು ಬಾರದಿರಲಿ ಎಂದು. ನಿಯಮವನ್ನು ಒಬ್ಬ ವಿದ್ಯಾರ್ಥಿಯಿಂದ ಅವನದೇ ಮಾತಿನಲ್ಲಿ ಹೇಳಿಸಿ. ಎಲ್ಲಿ ತಪ್ಪಾಗಿ ಅರ್ಥವಾಗಿದೆ ಎಂದು ಅಲ್ಲೇ ತಿಳಿಯುತ್ತದೆ. 'ನಿಲ್ಲಿ' ಎಂಬುದನ್ನು ಒಮ್ಮೆ ಎಲ್ಲರನ್ನೂ ಓಡಾಡಿಸಿ ಅಭ್ಯಾಸ ಮಾಡಿಸಿ.

ಕಾಲು ನೀರಿಗೆ ತಾಗಿದರೆ ಏನು ಮಾಡಬೇಕು? ಇಲ್ಲಿ ನನಗೆ ಬಹಳ ಜನರ ಜೊತೆ ಭಿನ್ನಾಭಿಪ್ರಾಯವಿದೆ. 'ಒಬ್ಬರ ಕಾಲು ತಾಗಿದರೂ ಇಡೀ ತಂಡ ವಾಪಸ್' ಎಂಬುದು ರೂಢಿಯ ನಿಯಮ. ಕಾಗದದ ಮೇಲೆ ಅದು ಒಗ್ಗಟ್ಟಿನಂತೆ ಕಾಣುತ್ತದೆ. ಬಯಲಿನಲ್ಲಿ ಅದು ಸಮತೋಲ ತಪ್ಪುವ ಒಬ್ಬ ಮಗುವಿನ ಮೇಲೆ ಒಂಬತ್ತು ಮಂದಿಯ ಸಿಟ್ಟಾಗಿ ಬೀಳುತ್ತದೆ. ಮೂರನೆಯ ಸಲ ವಾಪಸ್ ಬಂದಾಗ ಆ ಮಗುವಿನ ಮುಖ ನೋಡಿದವರು ಮತ್ತೆ ಈ ನಿಯಮ ಇಡಲಾರರು. ಹತ್ತು ಹನ್ನೆರಡು ವರ್ಷದವರಾದರೆ ಕಾಲು ತಾಗಿದ್ದನ್ನು ಸುಮ್ಮನೆ ಎಣಿಸಿ, ಯಾರದ್ದೆಂದು ಬರೆಯಬೇಡಿ, ಒಟ್ಟು ಎಷ್ಟು ಎಂದು ಕೊನೆಗೆ ಹೇಳಿ. ಎರಡನೆಯ ಸುತ್ತಿಗೆ ಎಷ್ಟಕ್ಕೆ ಇಳಿಸುತ್ತೇವೆ ಎಂದು ತಂಡವೇ ಗುರಿ ಇಟ್ಟುಕೊಳ್ಳಲಿ. ದೊಡ್ಡವರಾದರೆ ಕಾಲು ತಾಗಿದವರ ಜೊತೆ ಹಿಂದೂ ಮುಂದೂ ಇದ್ದ ಇಬ್ಬರು ದಡಕ್ಕೆ ಮರಳಲಿ. ಒಬ್ಬರು ವಾಲಿದಾಗ ಪಕ್ಕದವರ ತೋಳು ಸಿಗಲಿಲ್ಲ ಎಂಬುದು ಸಾಮಾನ್ಯವಾಗಿ ನಿಜವೂ ಹೌದು.

ನದಿಗೆ ಇಳಿಯಲು ಇಷ್ಟವಿಲ್ಲದವರು ಇಳಿಯಬೇಕಿಲ್ಲ ಎಂಬುದನ್ನೂ ಆರಂಭದಲ್ಲೇ ಹೇಳಿ. ಅವರಿಗೆ ನಿಜವಾದ ಕೆಲಸ ಕೊಡಿ: ಯಾವ ಬಂಡೆಯ ಮೇಲೆ ಯಾರ ಕೈಕಾಲು ಇಲ್ಲ ಎಂದು ಕಣ್ಣಿಟ್ಟು ತಂಡಕ್ಕೆ ಕೂಗಿ ಹೇಳುವವರು. ದಡದಿಂದ ಇಡೀ ಸಾಲು ಕಾಣುವುದು ಅವರಿಗೆ ಮಾತ್ರ, ಹಾಗಾಗಿ ತಂಡಕ್ಕೆ ಅವರು ಬೇಕೇ ಬೇಕಾಗುತ್ತಾರೆ. ಗಾಲಿಕುರ್ಚಿ ಬಳಸುವ ವಿದ್ಯಾರ್ಥಿ ತಂಡದಲ್ಲಿದ್ದರೆ ಅವರೊಬ್ಬರಿಗಾಗಿ ಬೇರೆ ನಿಯಮ ಮಾಡಬೇಡಿ, ಆಟವನ್ನೇ ಬದಲಿಸಿ. ಗಟ್ಟಿಯಾದ ಸಮತಟ್ಟು ನೆಲ ಆರಿಸಿ, ಚಿಕ್ಕ ಚೌಕದ ಬದಲು ಕುರ್ಚಿ ಪೂರ್ತಿ ಹಿಡಿಸುವ ದಪ್ಪ ಹಾಸುಗಳನ್ನು ಒತ್ತೊತ್ತಾಗಿ ಇಡುವಂತೆ ಮಾಡಿ, ಒಂದರ ಮೇಲೆ ನಾಲ್ಕೈದು ಮಂದಿ ನಿಲ್ಲುವಷ್ಟು ಮಾತ್ರ ಹಾಸು ಕೊಡಿ. ನಿಯಮ ಹತ್ತೂ ಮಂದಿಗೆ ಒಂದೇ ಆಗಿರುತ್ತದೆ.

ಆಟ ನಡೆಯುವಾಗ

ಮೊದಲ ಬಂಡೆ ಬಹುತೇಕ ಪ್ರತಿ ತಂಡದಲ್ಲೂ ಎರಡು ಮೂರು ನಿಮಿಷದಲ್ಲೇ ಹೋಗುತ್ತದೆ, ಒಂದೇ ರೀತಿಯಲ್ಲಿ ಹೋಗುತ್ತದೆ. ಮುಂದಿರುವವನು ಬಂಡೆಯನ್ನು ನೆಲಕ್ಕಿಟ್ಟು ಕೈ ತೆಗೆಯುತ್ತಾನೆ, ಕಾಲಿಡುವಷ್ಟರಲ್ಲಿ ಅದು ಒಂಟಿಯಾಗಿರುತ್ತದೆ. ಆಗ ಸುಮ್ಮನೆ ಬಾಗಿ ಎತ್ತಿಕೊಳ್ಳಿ. 'ಹೇಳಿದ್ದೆನಲ್ಲ' ಎನ್ನಬೇಡಿ, ನಗಬೇಡಿ. ಮೊದಲನೆಯದನ್ನು ಕನಿಕರದಿಂದ ಬಿಟ್ಟುಕೊಟ್ಟರೆ ಐದನೆಯದರ ಹೊತ್ತಿಗೆ ನಿಯಮಕ್ಕೆ ಬೆಲೆಯೇ ಇರುವುದಿಲ್ಲ. ಎರಡನೆಯ ನಷ್ಟ ಸಾಮಾನ್ಯವಾಗಿ ಸಾಲಿನ ತುದಿಯಲ್ಲಿ. ಮುಂದಿನವರಿಗೆ ಆ ದಡ ಕಾಣುತ್ತದೆ, ಅವಸರಿಸುತ್ತಾರೆ. ಕೊನೆಯವರು ಅವರ ಜೊತೆ ಹೆಜ್ಜೆ ಹಾಕಲು ಹೋಗಿ ಹಿಂದಿನ ಬಂಡೆಯಿಂದ ಕಾಲು ಎತ್ತಿಬಿಡುತ್ತಾರೆ. ಇದಕ್ಕೆ ಪರಿಹಾರ ಚಿಕ್ಕದು: ಕಾಲು ಎತ್ತುವ ಮೊದಲು ಕುಕ್ಕರಗಾಲಲ್ಲಿ ಕೂತು ಕೈ ಊರಬೇಕು. ಕೈ ಮೊದಲು, ಕಾಲು ಆಮೇಲೆ. ತಂಡ ಇದನ್ನು ತಾನಾಗಿ ಕಂಡುಕೊಳ್ಳುವ ಕ್ಷಣಕ್ಕಾಗಿಯೇ ಆಟ ಇರುವುದು, ಹಾಗಾಗಿ ಬಾಯಿಬಿಡಬೇಡಿ.

ಆಡಿಸುವವರಿಗೆ ಅತ್ಯಂತ ಕಷ್ಟದ ಕೆಲಸ ಈ ಮೌನವೇ. ಮೊದಲ ಏಳೆಂಟು ನಿಮಿಷ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ, ಒಬ್ಬ ಸಿಟ್ಟಾಗಿ ಕೈಕಟ್ಟಿ ನಿಲ್ಲುತ್ತಾನೆ. ಗುಂಪುಗಳು ಒಂದಾಗುವ ಮೊದಲು ಜಗಳದ ಘಟ್ಟವೊಂದನ್ನು ಹಾಯುತ್ತವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲೇ ಬರೆದಿದ್ದರು. ಪರಿಚಯ, ಜಗಳ, ಹೊಂದಾಣಿಕೆ, ಕೆಲಸ ಎಂಬುದು ಅವರು ಗುರುತಿಸಿದ ಕ್ರಮ. ಜಗಳದ ಘಟ್ಟದಲ್ಲಿ ದೊಡ್ಡವರೊಬ್ಬರು ಬಂದು 'ಹೀಗೆ ಮಾಡಿ' ಎಂದರೆ ಆ ತಂಡ ಮುಂದಿನ ಕಷ್ಟದಲ್ಲೂ ದೊಡ್ಡವರ ಮುಖವನ್ನೇ ನೋಡುತ್ತದೆ. ಮಧ್ಯೆ ಬರಬೇಕಾದ ಸಂದರ್ಭ ಎರಡೇ. ಯಾರಾದರೂ ಬೀಳುವಂತಿದ್ದರೆ, ಯಾರನ್ನಾದರೂ ಹೀಯಾಳಿಸಿದರೆ. ಆ ಎರಡರಲ್ಲಿ ಮಾತ್ರ ಒಂದು ಸೆಕೆಂಡೂ ಕಾಯಬಾರದು.

ಒಬ್ಬನೇ ಎಲ್ಲವನ್ನೂ ನಡೆಸುತ್ತಿದ್ದಾನೆ, ಉಳಿದವರು ಬೊಂಬೆಯಂತೆ ನಿಂತಿದ್ದಾರೆ ಅನ್ನಿ. ಅವನಿಗೆ 'ಸ್ವಲ್ಪ ಸುಮ್ಮನಿರು' ಎಂದರೆ ಚೆನ್ನಾಗಿ ಯೋಚಿಸುವವನಿಗೇ ಶಿಕ್ಷೆ ಕೊಟ್ಟಂತೆ. ಬದಲಿಗೆ 'ನದಿಯಲ್ಲಿ ಬಿರುಗಾಳಿ ಎದ್ದಿದೆ, ಮೂರು ನಿಮಿಷ ಯಾರಿಗೂ ಯಾರ ಮಾತೂ ಕೇಳುವುದಿಲ್ಲ' ಎಂದು ಎಲ್ಲರ ಮಾತನ್ನೂ ನಿಲ್ಲಿಸಿ. ಸನ್ನೆಯಲ್ಲಿ ಕೆಲಸ ಸಾಗಬೇಕಾದಾಗ, ಅದುವರೆಗೆ ಸುಮ್ಮನಿದ್ದವರು ಕೈ ಚಾಚಿ ಬಂಡೆ ತೋರಿಸಲು ತೊಡಗುತ್ತಾರೆ. ಆದರೆ ಬಿರುಗಾಳಿ ಒಂದು ಸುತ್ತಿಗೆ ಒಂದೇ ಸಲ ಸಾಕು. ಕಣ್ಣು ಕಟ್ಟುವುದನ್ನಂತೂ ಈ ಆಟಕ್ಕೆ ಸೇರಿಸಲೇಬೇಡಿ. ಒಂಟಿಕಾಲಿನ ಸಮತೋಲಕ್ಕೆ ಕಣ್ಣು ಬೇಕು.

ತಂಡ ಹತ್ತು ನಿಮಿಷ ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಉತ್ತರ ಕೊಡದೆ ಒಂದು ಪ್ರಶ್ನೆ ಕೇಳಬಹುದು: 'ಈಗ ಯಾವ ಬಂಡೆ ಕೆಲಸವಿಲ್ಲದೆ ಬಿದ್ದಿದೆ?' ಬಂಡೆಗಳು ನಾಲ್ಕಕ್ಕೆ ಇಳಿದರೆ ನಿಲ್ಲಲು ಮೂರೇ ಉಳಿಯುತ್ತವೆ, ಹತ್ತು ಮಂದಿ ಅಲ್ಲಿ ಹಿಡಿಸುವುದಿಲ್ಲ. ಅಷ್ಟಾಗುವ ಮೊದಲೇ, ಐದು ಉಳಿದಾಗ, ಅವಕಾಶವೊಂದನ್ನು ಮುಂದಿಡಿ: ಎಲ್ಲರೂ ದಡಕ್ಕೆ ಮರಳಿ ಎರಡು ನಿಮಿಷ ಯೋಜನೆ ಮಾಡಿದರೆ ಕಳೆದುಹೋದವೆಲ್ಲ ವಾಪಸ್. ಒಪ್ಪುವುದೋ ಬಿಡುವುದೋ ತಂಡದ ತೀರ್ಮಾನ. ಅರ್ಧ ದಾರಿ ಬಂದವರು ಹಿಂದಿರುಗಲು ಒಪ್ಪುವುದು ಸುಲಭವಲ್ಲ, ಆ ವಾದ ಕೇಳಲು ಯೋಗ್ಯವಾಗಿರುತ್ತದೆ.

ಕೆಲವು ತಂಡಗಳು ಬೇರೆ ದಾರಿ ಹಿಡಿಯುತ್ತವೆ. ಐವರು ಎಲ್ಲ ಬಂಡೆಗಳೊಂದಿಗೆ ದಾಟುತ್ತಾರೆ, ಅವರಲ್ಲೊಬ್ಬರು ಬಂಡೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದೊಂದಾಗಿ ಹಾಕುತ್ತಾ ಮರಳಿ ಬಂದು ಉಳಿದವರನ್ನು ಕರೆದೊಯ್ಯುತ್ತಾರೆ. ನಿಯಮದಲ್ಲಿ ಇದಕ್ಕೆ ತಡೆಯಿಲ್ಲ; ಆಟದ ನಡುವೆ ಹೊಸ ನಿಯಮ ತರುವುದು ಅನ್ಯಾಯ. ಆದರೆ ಅರ್ಧ ತಂಡ ದಡದಲ್ಲಿ ಸುಮ್ಮನೆ ನಿಲ್ಲುತ್ತದೆ ಎಂಬುದೂ ನಿಜ. ಎಲ್ಲರೂ ಒಟ್ಟಿಗೆ ನದಿಯಲ್ಲಿರಬೇಕು ಎಂಬ ಆಸೆ ನಿಮಗಿದ್ದರೆ 'ಆ ದಡ ಮುಟ್ಟಿದವರು ಮತ್ತೆ ಇಳಿಯುವಂತಿಲ್ಲ' ಎಂದು ಮೊದಲೇ ಹೇಳಿಬಿಡಿ.

ಈ ಹೊತ್ತಿನಲ್ಲಿ ನಿಮ್ಮ ಕೈ ಬರೆಯುತ್ತಿರಬೇಕು. ಮೊದಲ ಉಪಾಯ ಯಾರದ್ದು, ಯಾರು ಹೇಳಿದ್ದನ್ನು ಮೂರನೆಯ ಸಲಕ್ಕೆ ಕೇಳಿಸಿಕೊಂಡರು, ಬಂಡೆ ಹೋದಾಗ ಬಾಯಿಂದ ಬಂದ ಮೊದಲ ಮಾತು ಯಾವುದು, ಎಷ್ಟನೆಯ ನಿಮಿಷಕ್ಕೆ ಗದ್ದಲ ಇಳಿಯಿತು. ಹೊಗಳಿಕೆ, ತೆಗಳಿಕೆ ಬೇಡ, ಕಂಡದ್ದು ಮಾತ್ರ ಬರೆಯಿರಿ. ಜೊತೆಗೆ ಬಂದ ಶಿಕ್ಷಕರು ದಡದಿಂದ ಸೂಚನೆ ಕೂಗದಂತೆ ಮೊದಲೇ ವಿನಂತಿಸಿ. ಫೋನು ಹಿಡಿದು ಹತ್ತಿರ ಬಂದು ವಿಡಿಯೊ ಮಾಡುವುದೂ ಬೇಡ. ಕ್ಯಾಮೆರಾ ಕಂಡ ಮಕ್ಕಳು ಆಟ ಬಿಟ್ಟು ನಟಿಸಲು ತೊಡಗುತ್ತಾರೆ.

ಇಪ್ಪತ್ತೈದು ನಿಮಿಷ ಮುಗಿಯಿತು, ತಂಡ ಇನ್ನೂ ನಡುನೀರಿನಲ್ಲಿದೆ ಎಂದರೂ ನಿಲ್ಲಿಸಿ. 'ಇನ್ನೈದು ನಿಮಿಷ ಸಾರ್' ಎಂಬ ಬೇಡಿಕೆಗೆ ಮಣಿಯಬೇಡಿ. ದಾಟಲಾಗದ ತಂಡಕ್ಕೆ ಮಾತಾಡಲು ಹೆಚ್ಚು ವಿಷಯ ಇರುತ್ತದೆ, ಎರಡನೆಯ ಸುತ್ತು ಹೇಗೂ ಇದೆ.

ಕೂತು ಮಾತಾಡುವುದು

ಹದಿನೈದು ನಿಮಿಷ, ನೆರಳಿನಲ್ಲಿ, ನೀರು ಕುಡಿದ ಮೇಲೆ. ಎಲ್ಲರೂ ನೆಲದ ಮೇಲೆ ಸುತ್ತು ಕೂರಲಿ. ನೀವೂ ನಿಲ್ಲದೆ ಅದೇ ಸುತ್ತಿನಲ್ಲಿ ಕೂತುಕೊಳ್ಳಿ. ಟೆರ‍್ರಿ ಬಾರ್ಟನ್ ಎಂಬ ಅಮೆರಿಕದ ಶಿಕ್ಷಣತಜ್ಞ 1970ರಲ್ಲಿ ಮುಂದಿಟ್ಟ ಮೂರು ಪ್ರಶ್ನೆಗಳ ಕ್ರಮ ಇಂದಿಗೂ ಕೆಲಸಕ್ಕೆ ಬರುತ್ತದೆ: ಏನಾಯಿತು, ಅದರಿಂದ ಏನು ತಿಳಿಯಿತು, ಮುಂದೆ ಏನು ಮಾಡೋಣ. ಹೆಚ್ಚಿನವರು ಎಡವುವುದು ಮೊದಲನೆಯದನ್ನು ಹಾರಿಸಿ 'ಈ ಆಟದಿಂದ ಏನು ಕಲಿತಿರಿ?' ಎಂದು ನೇರ ಎರಡನೆಯದಕ್ಕೆ ಹೋಗಿ. ಆಗ ಬರುವ ಉತ್ತರ 'ಒಗ್ಗಟ್ಟು ಮುಖ್ಯ ಸಾರ್'. ಆ ಉತ್ತರ ಅವರಿಗೆ ಆಟವಾಡದೆಯೂ ಗೊತ್ತಿತ್ತು.

ಆದ್ದರಿಂದ ಬಿಡಿಬಿಡಿ ಸಂಗತಿಯಿಂದ ಹಿಡಿಯಿರಿ. 'ಮೂರನೆಯ ಬಂಡೆ ಹೋದಾಗ ಯಾರ ಕಾಲು ಎಲ್ಲಿತ್ತು?' 'ಹಿಂದೆ ನಿಂತವರಿಗೆ ಮುಂದಿನವರ ಮಾತು ಕೇಳುತ್ತಿತ್ತೇ?' 'ಉಪಾಯ ಇದ್ದೂ ಹೇಳದೆ ಉಳಿದವರು ಯಾರಾದರೂ ಇದ್ದೀರಾ? ಏಕೆ?' ಕೊನೆಯ ಪ್ರಶ್ನೆ ಅಮೂಲ್ಯ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ತರಗತಿಗಳನ್ನು ಅಧ್ಯಯನ ಮಾಡಿದ ಮೇರಿ ಬಡ್ ರೋ ಅವರು ಶಿಕ್ಷಕರು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುತ್ತಿದ್ದವರೂ ಮಾತಾಡುತ್ತಾರೆ ಎಂದು ತೋರಿಸಿದರು. ಬಯಲಿನಲ್ಲಿ ಹತ್ತರವರೆಗೆ ಮನಸ್ಸಿನಲ್ಲೇ ಎಣಿಸಿ. ಯಾರೋ ಒಬ್ಬರ ಹೆಸರು ಹೇಳಿ 'ಇವನಿಂದಲೇ ಆಗಿದ್ದು' ಎಂಬ ಮಾತು ಬಂದರೆ 'ಆಗ ಅವನ ಪಕ್ಕದಲ್ಲಿದ್ದವರು ಏನು ಮಾಡಬಹುದಿತ್ತು?' ಎಂದು ತಿರುಗಿಸಿ. ನೀವು ಬರೆದುಕೊಂಡ ಸಂಗತಿಗಳಲ್ಲಿ ಒಂದೆರಡನ್ನು ಮಾತ್ರ ಹೇಳಿ, ಅದೂ ಅವರು ಮರೆತಿದ್ದರೆ.

ಮಾತು ಮುಗಿಯುವ ಹೊತ್ತಿಗೆ ತಂಡದ ಕೈಯಲ್ಲಿ ಎರಡೋ ಮೂರೋ ಸ್ಪಷ್ಟ ತೀರ್ಮಾನಗಳಿರಬೇಕು. 'ಚೆನ್ನಾಗಿ ಮಾತಾಡಿಕೊಳ್ಳುತ್ತೇವೆ' ಎಂಬುದು ತೀರ್ಮಾನವಲ್ಲ. 'ಬಂಡೆ ಎತ್ತುವ ಮೊದಲು ಕೊನೆಯವರು "ಬಂದೆ" ಎನ್ನಬೇಕು, ಅದು ಕೇಳುವವರೆಗೆ ಯಾರೂ ಹೆಜ್ಜೆ ಇಡಬಾರದು' ಎಂಬುದು ತೀರ್ಮಾನ. ಅದನ್ನು ಅವರ ಮಾತಿನಲ್ಲೇ ಬರೆದು ದಡದಲ್ಲಿಡಿ, ಕೂಡಲೇ ಎರಡನೆಯ ಸುತ್ತಿಗೆ ಏಳಿಸಿ. ಇಪ್ಪತ್ತು ನಿಮಿಷ, ಅದೇ ನದಿ, ಅದೇ ಏಳು ಬಂಡೆ. ಸುಲಭ ಮಾಡಬೇಡಿ, ಕಷ್ಟವೂ ಬೇಡ. ಬದಲಾದದ್ದು ತಾವು ಮಾತ್ರ ಎಂದು ಅವರಿಗೆ ಗೊತ್ತಾಗಬೇಕು. ಆಮೇಲಿನ ಹತ್ತು ನಿಮಿಷದ ಮಾತಿಗೆ ಒಂದೇ ಪ್ರಶ್ನೆ ಸಾಕು: ಬರೆದಿಟ್ಟದ್ದರಲ್ಲಿ ಯಾವುದು ನಡೆಯಿತು, ಯಾವುದು ನೀರು ಮುಟ್ಟಿದ ಕೂಡಲೇ ಮರೆತುಹೋಯಿತು?

ತಂಡ ತಂಡಗಳ ನಡುವೆ ಪೈಪೋಟಿ ಇಡಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡ. 1954ರ ಬೇಸಿಗೆಯಲ್ಲಿ ಅಮೆರಿಕದ ಒಕ್ಲಹೋಮದ ಶಿಬಿರವೊಂದರಲ್ಲಿ ಸಮಾಜ ಮನಶ್ಶಾಸ್ತ್ರಜ್ಞ ಮುಜಾಫರ್ ಶೆರಿಫ್ ಮತ್ತು ಸಂಗಡಿಗರು ಹುಡುಗರ ಎರಡು ಗುಂಪುಗಳನ್ನು ಬಹುಮಾನಕ್ಕಾಗಿ ಸ್ಪರ್ಧೆಗೆ ಬಿಟ್ಟಾಗ ಕೆಲವೇ ದಿನಗಳಲ್ಲಿ ಬೈಗುಳ, ಬಾವುಟ ಸುಡುವುದು, ಕೊಠಡಿಗೆ ನುಗ್ಗುವುದು ನಡೆಯಿತು. ಸುಮ್ಮನೆ ಒಟ್ಟಿಗೆ ಊಟಕ್ಕೆ ಕೂರಿಸಿದ್ದರಿಂದ ಅದು ಇಳಿಯಲಿಲ್ಲ. ನೀರಿನ ಸರಬರಾಜು ನಿಂತಾಗ, ಲಾರಿ ಕೆಟ್ಟು ನಿಂತಾಗ, ಎರಡೂ ಗುಂಪು ಸೇರಿದರೆ ಮಾತ್ರ ಆಗುವ ಕೆಲಸಗಳು ಒಂದರ ಮೇಲೊಂದು ಬಂದಾಗ ಇಳಿಯಿತು. ಆ ತೊಂದರೆಗಳನ್ನು ಸಂಶೋಧಕರೇ ಹೂಡಿದ್ದರು.

ಹೆಚ್ಚು ಸಮಯವಿದ್ದು ಎರಡು ತಂಡಗಳೂ ಎರಡು ಸುತ್ತು ಮುಗಿಸಿದ್ದರೆ ಮೂರನೆಯದಾಗಿ ಇದನ್ನು ಮಾಡಿ: ಹನ್ನೆರಡು ಮೀಟರಿನ ಒಂದೇ ನದಿ, ಒಂದು ತಂಡ ಈ ದಡದಲ್ಲಿ, ಇನ್ನೊಂದು ಆ ದಡದಲ್ಲಿ. ಪ್ರತಿ ದಡದಲ್ಲೂ ಐದೇ ಬಂಡೆ, ಹತ್ತು ಮಂದಿಗೆ ತೀರಾ ಇಕ್ಕಟ್ಟು. ಇದೊಂದಕ್ಕೆ ಮಾತ್ರ ಹನ್ನೆರಡು ಮೀಟರ್ ಸರಿ, ಹತ್ತು ಬಂಡೆಗಳೂ ಕೂಡಿದಾಗ ಬೇಕಾಗುವ ಅಗಲ ಹೆಚ್ಚುಕಡಿಮೆ ಅಷ್ಟೇ. ಹೇಳಬೇಕಾದ ಮಾತು ಒಂದೇ: 'ಎಲ್ಲರೂ ತಮ್ಮ ಎದುರಿನ ದಡ ಸೇರಬೇಕು.' 'ಯಾರು ಮೊದಲು' ಎಂಬ ಮಾತು ಬಾಯಿಗೆ ಬರಬಾರದು, 'ನಿಮ್ಮ ಬಂಡೆ' ಎಂದೂ ಹೇಳಬಾರದು, ಬರೀ ಬಂಡೆ. ಆದರೂ ಎರಡೂ ತಂಡಗಳು ಪಂದ್ಯವೆಂದೇ ತಿಳಿದು ಧಾವಿಸುತ್ತವೆ, ನಡುನೀರಿನಲ್ಲಿ ಮುಖಾಮುಖಿ ಬಂದು ನಿಲ್ಲುತ್ತವೆ. ಎರಡೂ ಸಾಲು ಸೇರಿದರೆ ಬಂಡೆ ಹತ್ತಾಗುತ್ತವೆ, ಒಬ್ಬರಿಗೊಬ್ಬರು ಜಾಗ ಬಿಟ್ಟು ಹಾಯ್ದುಹೋಗಬಹುದು ಎಂಬುದು ಹೊಳೆಯಲು ಹೊತ್ತು ಬೇಕು. ಅರ್ಧ ಗಂಟೆ ಕೊಡಿ. ಹೊಳೆಯದಿದ್ದರೂ ಹೇಳಿಕೊಡಬೇಡಿ; ಕೂತಾಗ 'ಎದುರಿನವರ ಬಂಡೆ ಮುಟ್ಟಬಾರದು ಎಂದು ನಿಮಗೆ ಯಾರು ಹೇಳಿದ್ದರು?' ಎಂದು ಕೇಳಿ, ಇಪ್ಪತ್ತೂ ಮಂದಿಗೆ ಸಮಯವಿದ್ದರೆ ಇನ್ನೊಮ್ಮೆ ದಡಕ್ಕೆ ಕಳಿಸಿ.